ವರ್ಲಾಳ ಕಾರಿನ ಬೀಗ

ಆಯುಷ್ಯವೆಲ್ಲ ಶಾಲಾ ಮಕ್ಕಳಿಗೆ ಊಟ ಬಡಿಸಿ ನಿವೃತ್ತಳಾದ ವರ್ಲಾ ಸೊರೆನ್ಸನ್‌ಗೆ ಊರಲ್ಲಿ ಹೆದರುವಂಥದ್ದೇನೂ ಇರಲಿಲ್ಲ. ಅಮೆರಿಕದ ಐಡಹೋದ ಆ ಸಣ್ಣ ಊರಲ್ಲಿ ಆಗಸ್ಟ್ ಬಂತೆಂದರೆ, ಹಿತ್ತಲಲ್ಲಿ ಸೌತೆಯಂಥ ಜುಕಿನಿ ಕಾಯಿ ಮಿತಿಮೀರಿ ಬಿಟ್ಟವರು ನೆರೆಯವರ ಕಾರಿನ ಬಾಗಿಲು ತೆಗೆದು ಸೀಟಿನ ಮೇಲೆ ಸುರಿದು ಓಡಿಬಿಡುತ್ತಿದ್ದರು. ಜನ ಬೈಯುತ್ತಿದ್ದರು, ಆದರೆ ಬೀಗ ಮಾತ್ರ ಹಾಕುತ್ತಿರಲಿಲ್ಲ.

ವರ್ಲಾಳ ಮನೆ ಪಕ್ಕದ ಹಳೇ ಮೋಟೆಲಿನಲ್ಲಿ, ಮನಸ್ಸು ನೊಂದು ದಾರಿ ತಪ್ಪಿದ ಹುಡುಗಿಯರನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ನಿವಾಸ ಶುರುವಾಯಿತು ನೋಡಿ, ಬೀದಿಯೇ ಬದಲಾಯಿತು. ಒಬ್ಬಳು ಬೇಲಿ ಹಾರಿ ಓಡಿದ್ದೇ ತಡ, ಮನೆಮನೆಗೂ ಕ್ಯಾಮೆರಾ, ಕಾರುಕಾರಿಗೂ ಬೀಗ. ಒಂಟಿ ಹೆಂಗಸು ವರ್ಲಾಗೂ ದಿಗಿಲು ಹೊಕ್ಕಿತು. ನಿವಾಸ ಮುಚ್ಚಿಸಿ ಎಂದು ಪುರಸಭೆಯ ಮುಂದೆ ಹೇಳಲು ಒಪ್ಪಿಕೊಂಡಳು.

ಸಭೆಯ ದಿನ ಬೆಳಿಗ್ಗೆ ಎದುರುಮನೆಯ ಡ್ವೈಟ್ ತನ್ನ ಕ್ಯಾಮೆರಾದ ವಿಡಿಯೊ ತೋರಿಸಲು ಫೋನು ಹಿಡಿದು ಬಂದ. "ನೋಡಿ, ನಾನು ಬಡ್ಕೊಂಡಿದ್ದೇ ಆಯ್ತು! ಆ ನಿವಾಸದ ಹುಡುಗಿ ನಿಮ್ಮ ಕಾರಿನ ಬಾಗಿಲು ತೆಗೀತಿದಾಳೆ. ಸಂಜೆ ಎಲ್ರಿಗೂ ತೋರಿಸ್ತೀನಿ."

ಹಿಂದಿನ ದಿನ ವರ್ಲಾ ಕಾರಿಗೆ ಬೀಗ ಹಾಕಲು ಮರೆತಿದ್ದಳು. ಹೋಗಿ ನೋಡಿದರೆ ಒಂದು ಸಾಮಾನೂ ಕಳುವಾಗಿರಲಿಲ್ಲ. ಸೀಟಿನ ತುಂಬ ತೋಳುದ್ದದ ಜುಕಿನಿಗಳಿದ್ದವು!

ವರ್ಲಾ ಹೊಟ್ಟೆ ಹಿಡಿದು ನಕ್ಕಳು. ಡ್ವೈಟ್ ನಗಲಿಲ್ಲ. "ಇವತ್ತು ಕಾಯಿ ಇಟ್ಟೋಳು ನಾಳೆ ಏನು ಎತ್ಕೊಂಡು ಹೋಗ್ತಾಳೋ!"

ಮಧ್ಯಾಹ್ನ ವರ್ಲಾ ಅದೇ ಕಾಯಿ ತುರಿದು ಸಿಹಿ ಬ್ರೆಡ್ಡು ಮಾಡಿ ನಿವಾಸದ ಗೇಟಿಗೆ ಹೋದಳು. ಮಾರಿಸಾ ಎಂಬ ಕಡ್ಡಿಯಂಥ ಹುಡುಗಿ ತಲೆ ತಗ್ಗಿಸಿ ಬಂದಳು.

"ತಪ್ಪಾಯ್ತಮ್ಮ. ಬೆಳಿಗ್ಗೆ ತೋಟದಲ್ಲಿ ಕಿತ್ತಿದ್ದು. ಈ ಊರಲ್ಲಿ ನೆರೆಯವರು ಹೀಗೇ ಕೊಡ್ತಾರೆ ಅಂತ ನಮ್ಮ ಅಡುಗೆಯವರು ಹೇಳಿದ್ರು."

"ನನ್ನ ಕಾರೇ ಯಾಕೆ ಬೇಕಿತ್ತೇ?"

"ಇಡೀ ಬೀದೀಲಿ ನಿಮ್ಮದೊಂದಕ್ಕೇ ಬೀಗ ಇರ್ಲಿಲ್ಲ. ನಮ್ಮನ್ನ ನಂಬೋರು ಒಬ್ರಾದ್ರೂ ಇದಾರೆ ಅಂದ್ಕೊಂಡೆ."

ವರ್ಲಾ ಬ್ರೆಡ್ಡನ್ನು ಅವಳ ಕೈಗಿಟ್ಟಳು. ಮರೆತಿದ್ದೆ ಎನ್ನಲು ಬಾಯಿ ಬರಲಿಲ್ಲ. "ಬಿಸಿಯಿದ್ದಾಗ್ಲೇ ತಿನ್ನು, ಪುಟ್ಟಿ," ಎಂದಳು.

ಸಂಜೆ ಡ್ವೈಟ್ ವಿಡಿಯೊ ತೋರಿಸಿ ಕೂತ ಮೇಲೆ ವರ್ಲಾ ಎದ್ದಳು.

"ನಂಗೂ ಹೆದರಿಕೆ ಇತ್ತು. ಸುಳ್ಳು ಯಾಕೆ, ಇನ್ನೂ ಸ್ವಲ್ಪ ಇದೆ. ಆದ್ರೆ ಈ ವರ್ಷ ಯಾರ ಕಾರಿಗಾದ್ರೂ ಯಾರಾದ್ರೂ ಜುಕಿನಿ ತುಂಬಿದೀರಾ? ನಾವೆಲ್ಲ ಬೀಗ ಜಡ್ಕೊಂಡು ಕೂತ್ವಿ. ನೆರೆಯವರ ಹಾಗೆ ನಡ್ಕೊಂಡಿದ್ದು ಆ ಮಗು ಒಂದೇ. ಅವರು ಇಲ್ಲೇ ಇರಲಿ."

ಮುಚ್ಚಿಸುವ ಮಾತು ಅಲ್ಲಿಗೇ ಬಿದ್ದುಹೋಯಿತು.

ಮನೆ ಮುಂದೆ ಕಾರು ನಿಲ್ಲಿಸಿದಾಗ ವರ್ಲಾಳ ಬೆರಳು ತಾನಾಗಿ ಬೀಗದ ಗುಂಡಿಗೆ ಹೋಯಿತು. ಒತ್ತದೆ ಕೈ ತೆಗೆದಳು. ಈ ಸಲ ಮರೆತಿರಲಿಲ್ಲ.