ಟೈಲರಮ್ಮನ ಕಣ್ಣಳತೆ

"ಟೋಪಿ, ನಾಯಿ, ಹಸಿರು, ಸೀಬೆಕಾಯಿ," ಎಂದು ಎದುರಿಗೆ ಕೂತಿದ್ದ ಟೈಲರಮ್ಮ ತಡವರಿಸದೆ ಹೇಳಿದರು. ಐದು ನಿಮಿಷದ ಹಿಂದೆ ನೆನಪಿಟ್ಟುಕೊಳ್ಳಲು ನಾನು ಕೊಟ್ಟಿದ್ದ ಪದಗಳು ಅವು.

ಯಲಹಂಕದ ಆಸ್ಪತ್ರೆಯೊಂದರಲ್ಲಿ ನಾನು ಎಚ್‌ಐವಿ ಆಪ್ತಸಮಾಲೋಚಕಿ. ಗಿರಾಕಿಗಳ ಅಳತೆಯನ್ನು ಬರೆದಿಡದೆ ತಲೆಯಲ್ಲೇ ಇಟ್ಟುಕೊಳ್ಳುತ್ತಿದ್ದ ಈಕೆ, ಸೋಂಕು ಮಿದುಳನ್ನೂ ಮುಟ್ಟಿ ಮರೆವು ಕವಿದಾಗ ಅಂಗಡಿಯನ್ನೇ ಮುಚ್ಚಿದ್ದರು. ಕಳೆದ ವರ್ಷ ಒಂದು ಪದವೂ ನೆನಪಾಗಿರಲಿಲ್ಲ. ಆಮೇಲೆ ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಿದರು.

ನಾನು ಬರೆದುಕೊಳ್ಳುವಾಗ ಅವರ ಕಣ್ಣು ನನ್ನ ರವಿಕೆಯ ಮೇಲಿತ್ತು. "ತೋಳು ಅರ್ಧ ಇಂಚು ಬಿಗಿ ಆಗೈತೆ ಮೇಡಂ. ದಪ್ಪ ಆಗಿದ್ದೀರ. ತನ್ನಿ, ಬಿಚ್ಚಿ ಹೊಲ್ಕೊಡ್ತೀನಿ."

ದಪ್ಪಗಾಗಿದ್ದೀಯ ಎಂದವರ ಜತೆ ಜಗಳವಾಡುವವಳು ನಾನು. ಅಂದು ಸಂಜೆ ಅದನ್ನೇ ಮನೆಯವರಿಗೆಲ್ಲ ಹೇಳಿ ನಕ್ಕೆ. ಹೇಳಿದ್ದು ಯಾರೆಂದು ಮಾತ್ರ ಹೇಳಲಿಲ್ಲ.