ಕೂರದ ಸಭೆಗೆ ಹೆಬ್ಬೆಟ್ಟು ಒತ್ತದವರು

ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಳಾದವಳು ನಾನು. ಹಳೇ ತಾರೀಕು ಹಾಕಿ ಕಡತ ಸರಿಮಾಡುವುದು ನನಗೆ ನೀರು ಕುಡಿದಷ್ಟು ಸಲೀಸು. ಆ ಜಂಬದಲ್ಲೇ ಹಿನಕಲ್‌ನ ಒಂದು ಶಿಶುವಿಹಾರಕ್ಕೆ ಅನುದಾನದ ಅರ್ಜಿ ಸಿದ್ಧಮಾಡಿಕೊಡಲು ಒಪ್ಪಿಕೊಂಡೆ.

ಸರಸ್ವತಿಪುರಂ ಕಡೆ ಮನೆಗೆಲಸಕ್ಕೆ ಹೋಗುವ ಹೆಂಗಸರು ಸಿಟಿ ಬಸ್ಸು ಹತ್ತುವ ಮುಂಚೆ ಮಕ್ಕಳನ್ನು ಬಿಟ್ಟುಹೋಗುವ ಎರಡು ಕೋಣೆಯ ಮನೆ ಅದು. ಅದನ್ನು ನಡೆಸುವ ಟ್ರಸ್ಟಿನ ಅಧ್ಯಕ್ಷೆ ಒಬ್ಬ ಅಜ್ಜಿ. ತಾವೂ ಬಹಳ ವರ್ಷ ಮನೆಮನೆ ಪಾತ್ರೆ ತಿಕ್ಕಿದವರು, ಓದು ಬರಹ ಬಾರದು. ಬೆಂಗಳೂರಿನ ದತ್ತಿ ಸಂಸ್ಥೆಯಿಂದ ಅನುದಾನ ಬರದಿದ್ದರೆ ಯುಗಾದಿಗೆ ಶಿಶುವಿಹಾರ ಮುಚ್ಚಬೇಕಿತ್ತು. ಆಮೇಲೆ ತಾಯಂದಿರು ಕೆಲಸ ಬಿಡಬೇಕು, ಇಲ್ಲವೇ ಮಕ್ಕಳನ್ನು ಮನೆಯೊಳಗೆ ಕೂಡಿಹಾಕಿ ಹೋಗಬೇಕು.

ಅರ್ಜಿಯ ಜೊತೆ ಮೂರು ವರ್ಷದ ಸಭೆಗಳ ನಡವಳಿ ಪುಸ್ತಕ ಕೇಳಿದ್ದರು. ಟ್ರಸ್ಟಿನವರು ತಿಂಗಳು ತಿಂಗಳೂ ಸಭೆ ಸೇರಿದ್ದರು, ಒಂದಕ್ಷರ ಬರೆದಿಟ್ಟಿರಲಿಲ್ಲ. ಅದೇನು ಮಹಾ ಎಂದು ನಾನೇ ಹೊಸ ಪುಸ್ತಕ ತಂದೆ. ಒಂದೇ ದಿನ ಬರೆದದ್ದೆಂದು ಗೊತ್ತಾಗದಿರಲಿ ಅಂತ ಮೂರು ಬೇರೆ ಬೇರೆ ಪೆನ್ನು ಬಳಸಿದೆ. ಎಲ್ಲ ನಿರ್ಣಯಗಳೂ ಸರ್ವಾನುಮತ. ಹಳೆಯದಾಗಿ ಕಾಣಲೆಂದು ರಟ್ಟಿನ ಮೇಲೆ ಒಂದಿಷ್ಟು ಟೀ ಕೂಡ ಚೆಲ್ಲಿದೆ.

ಅಜ್ಜಿಗೆ ಓದಿ ಹೇಳುತ್ತಾ ಇಂಕ್ ಪ್ಯಾಡು ಮುಂದಿಟ್ಟೆ. ಮೂರನೇ ಪುಟಕ್ಕೇ ತಡೆದರು.

"ಆ ತಿಂಗ್ಳು ನಾನು ಇರ್ನಿಲ್ಲ ಕಣಮ್ಮ. ಮಗಳ ಬಾಣಂತನಕ್ಕೆ ಹೋಗಿದ್ದೆ. ಕೂರ್ದೇ ಇದ್ದ ಸಭೆಗೆ ಎಂಗೆ ಬೆಟ್ಟು ಒತ್ಲಿ?"

"ಇದು ಬರೀ ಶಾಸ್ತ್ರಕ್ಕೆ ಅಜ್ಜಿ. ಎಲ್ಲಾ ಕಡೆ ಹೀಗೇ ಮಾಡೋದು."

"ಅದನ್ನ ಆ ಕಡೆ ಇಡಿ. ನಾನ್ ಯೋಳ್ತೀನಿ, ನೀವು ಬರ್ಕಳಿ."

ಹೇಳಿದರು ನೋಡಿ! ದಸರಾ ಆದಮೇಲಿನ ಸಭೆಗೆ ಯಾರು ಬಂದರು, ಯಾರು ಅರ್ಧಕ್ಕೆ ಎದ್ದು ಹೋದರು, ಬಿಸ್ಕತ್ತು ಬಿಟ್ಟು ರಾಗಿ ಗಂಜಿ ಕೊಡೋಣ ಎಂದಾಗ ಯಾರು ಜಗಳ ತೆಗೆದರು, ಎಲ್ಲ. ಎರಡು ದಿನ ಬರೆದು ನನ್ನ ಕೈ ಸೋತಿತು, ಅವರ ನೆನಪು ಸೋಲಲಿಲ್ಲ. ಉಳಿದ ಸದಸ್ಯರನ್ನು ಕರೆಸಿ ಕೇಳಿದರೆ ಒಂದೂ ತಪ್ಪಿಲ್ಲ. ಮೊದಲ ಪುಟದಲ್ಲಿ 'ನೆನಪಿನಿಂದ ಈಗ ಬರೆಸಿದ್ದು' ಎಂದು ಸೇರಿಸಿದೆ.

ಕೊನೆಗೆ ಅಜ್ಜಿ ಅಂದರು, "ಇನ್ನೊಂದದೆ. ನಾನು ಬಾಗ್ಲಲ್ಲಿ ಕೂತು ತೂಕಡಿಸ್ಬುಟ್ಟಿದ್ದೆ. ಒಂದು ಕೂಸು ರಸ್ತೆಗೆ ಹೋಗ್ಬುಡ್ತು. ಅಂಗಡಿಯವರು ಎತ್ಕೊಂಡು ಬಂದ್ರು. ಬಾಗ್ಲಲ್ಲಿ ಯಾವಾಗ್ಲೂ ಇಬ್ರು ಇರ್ಬೇಕು ಅಂತ ಆವತ್ತೇ ಸಭೇಲಿ ತೀರ್ಮಾನ ಆಯ್ತು."

ನಾನು ಪೆನ್ನು ಕೆಳಗಿಟ್ಟೆ. "ಇದನ್ನ ಬರೆದ್ರೆ ಅನುದಾನದ ಆಸೆ ಬಿಡಬೇಕಾಗತ್ತೆ ಅಜ್ಜಿ."

"ಆ ಕೂಸಿನ ಅವ್ವ ಆ ಸಭೇಲಿ ಕೂತು ಬೈದ್ಲು, ಅತ್ಲು. ಮಾರ್ನೇ ದಿನ ಮಗೀನ ಎತ್ಕೊಂಡು ತಿರ್ಗಾ ನಮ್ತಾವ್ಕೇ ಬಂದ್ಲು. ಅವಳ ಮಾತ್ನ ಅಳಿಸ್ಬುಡ್ಲಾ?"

ಬರೆದೆ. ಎಲ್ಲಕ್ಕಿಂತ ಮೊದಲು ಆ ಪುಟಕ್ಕೇ ಹೆಬ್ಬೆಟ್ಟು ಒತ್ತಿದರು. ಆವತ್ತು ಅವರ ಮೇಲೆ ಹುಟ್ಟಿದ ಗೌರವ ಇವತ್ತಿಗೂ ಒಂದು ಚೂರೂ ಇಳಿದಿಲ್ಲ.

ಒಂದು ತಿಂಗಳಿಗೆ ದತ್ತಿ ಸಂಸ್ಥೆಯ ಅಧಿಕಾರಿಣಿ ಪರಿಶೀಲನೆಗೆ ಬಂದರು. ಬಾಗಿಲಲ್ಲಿ ಅಜ್ಜಿ ಒಬ್ಬರೇ. ಜೊತೆಯ ಆಯಾ ಒಳಗೆ ಮಗುವಿಗೆ ಬಟ್ಟೆ ಬದಲಿಸುತ್ತಿದ್ದಳು.

"ಒಸಿ ತಡೀರಿ, ಇನ್ನೊಬ್ರು ಬರ್ಲಿ, ಬಾಗ್ಲು ತೆಗೀತೀನಿ," ಎಂದುಬಿಟ್ಟರು ಅಜ್ಜಿ.

ಆಕೆ ಬಿಸಿಲಲ್ಲೇ ನಿಂತರು. ಒಳಗಿದ್ದ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಯಾ ಬಂದು ಬಾಗಿಲು ತೆರೆದ ಮೇಲೆ ಆಕೆ ನಾವು ಅರ್ಜಿಯ ಜೊತೆ ಕಳಿಸಿದ್ದ ನಡವಳಿ ಪುಸ್ತಕವನ್ನು ಚೀಲದಿಂದ ತೆಗೆದು, ಆ ಪುಟವನ್ನೇ ಹುಡುಕಿ ಕೇಳಿದರು, "ಇದೇ ಬಾಗಿಲಾ?"

"ಇದೇ ಕಣವ್ವ. ತೂಕಡಿಸಿದ್ದೂ ನಾನೇಯ."

ಅನುದಾನ ಬಂತು. ನಾನು ಮೊದಲು ಬರೆದ, ಟೀ ಚೆಲ್ಲಿದ ಪುಸ್ತಕ ಈಗಲೂ ನಮ್ಮ ಬೀರುವಿನಲ್ಲಿದೆ. ಅದರಲ್ಲಿ ಯಾವ ಮಗುವೂ ರಸ್ತೆಗೆ ಹೋಗಿಲ್ಲ, ಯಾವ ತಾಯಿಯೂ ಅತ್ತಿಲ್ಲ. ಬಾಗಿಲಲ್ಲಿ ಇನ್ನೊಬ್ಬರು ಇರಬೇಕೆಂದು ಯಾರಿಗೂ ಹೊಳೆದಿಲ್ಲ.