ಅಬ್ಬಿ ನೀರಿಗೆ ನಾನು ತಂದ ಕೆಟ್ಟ ಹೆಸರು

ವಜ್ರಳ್ಳಿಯ ಆಚೆಗಿನ ಈ ಮನೆಗೆ ಬಂದ ಮೊದಲ ದಿನ ನಾನು ಹುಡುಕಿದ್ದು ನಲ್ಲಿಯ ತಿರುಪನ್ನು. ಬಚ್ಚಲ ಹೊರಗೆ ಕಪ್ಪು ಪೈಪೊಂದರಿಂದ ಹೆಬ್ಬೆರಳು ದಪ್ಪದ ನೀರು ಸುಮ್ಮನೆ ಸುರಿಯುತ್ತಿತ್ತು. ಕಲ್ಲಿನ ತೊಟ್ಟಿ ತುಂಬಿ, ಉಕ್ಕಿ, ಹಿತ್ತಲ ಕಡೆ ಹರಿದು ಹೋಗುತ್ತಿತ್ತು. ಮನೆಯವರು ಯಾರೂ ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ರೋಣದ ಕಡೆ ಹುಟ್ಟಿ ಬೆಳೆದವರಿಗೆ ಇದನ್ನು ಕಂಡರೆ ಎದೆ ಧಸಕ್ಕೆನ್ನುತ್ತದೆ. ಬ್ಯಾಗನ್ನು ಅಲ್ಲೇ ಬಿಟ್ಟು ಓಡಿದೆ. ತಿರುಪು ಸಿಗಲಿಲ್ಲ, ಅಂಗೈಯಿಂದ ಪೈಪಿನ ಬಾಯಿ ಒತ್ತಿ ಹಿಡಿದೆ. ಮುಖ, ಸೀರೆ, ಮಾನ ಎಲ್ಲ ಒದ್ದೆಯಾಯಿತು.

ಬೆಲ್ಲ ಮತ್ತು ನೀರು ಹಿಡಿದು ಬಂದ ಮನೆಯೊಡತಿ ಸಾವಿತ್ರಕ್ಕ ನಗು ತಡೆದುಕೊಂಡು, "ಅದು ಅಬ್ಬಿ ನೀರು ತಂಗಿ, ನಿಲ್ಸಲೆ ಆಗ್ತಿಲ್ಲೆ" ಎಂದರು. ಗುಡ್ಡದ ಒರತೆಯಿಂದ ತಾನಾಗಿ ಇಳಿದು ಬರುವ ನೀರಿಗೆ ಇಲ್ಲಿ ಅಬ್ಬಿ ಎನ್ನುತ್ತಾರೆ. ನಮ್ಮ ಕಡೆ ನೀರಿಗಾಗಿ ನಾವು ಕಾಯುತ್ತೇವೆ. ಇಲ್ಲಿ ನೀರೇ ಮನೆ ಬಾಗಿಲಲ್ಲಿ ಕಾಯುತ್ತಿರುತ್ತದೆ.

ನಾನು ಬಂದಿದ್ದು ಕೆಲಸದ ಮೇಲೆ. ಮಣ್ಣು, ನೀರಿಗೆ ಸೇರುವ ವಿಷ ಅಲ್ಲಿನ ಜೀವಿಗಳಿಗೆ ಏನು ಮಾಡುತ್ತದೆ ಎಂದು ನೋಡುವುದು ನನ್ನ ಓದು. ಇಲ್ಲಿ ಅಡಿಕೆ ತೋಟಗಳ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಹೊಡೆಯುತ್ತಾರೆ. ಮೈಲುತುತ್ತವೆಂದರೆ ತಾಮ್ರದ ಉಪ್ಪು. ಅದು ಹಳ್ಳಕ್ಕಿಳಿದರೆ ಸಣ್ಣ ಜೀವಗಳ ಗತಿ ಏನು ಎಂಬುದು ನನ್ನ ಪ್ರಶ್ನೆ. ಸಿದ್ದಾಪುರ, ಶಿರಸಿ ಕಡೆಯ ಹಳ್ಳಗಳ ನೀರೂ ಬೇಕಿತ್ತು. ಆದರೆ ಎಲ್ಲಕ್ಕಿಂತ ಮೊದಲು ಬೇಕಾಗಿದ್ದು ವಿಷವೇ ಇಲ್ಲದ ನೀರು. ಸಾವಿತ್ರಕ್ಕನ ಮನೆಯ ಒರತೆ ಎಲ್ಲ ತೋಟಗಳಿಗಿಂತ ಮೇಲಿತ್ತು. ಆ ನೀರಿಗಾಗಿಯೇ ನಾನು ಅವರ ಮನೆಯ ಕೋಣೆಯೊಂದನ್ನು ಬಾಡಿಗೆಗೆ ಹಿಡಿದೆ.

ಊಟಕ್ಕೆ ಹೊಂದಿಕೊಳ್ಳುವುದು ತಡವಾಯಿತು. ಇಲ್ಲಿ ಸೊಪ್ಪುಸದೆ ಅರೆದು ಮಜ್ಜಿಗೆಗೆ ಕಲಸಿದರೆ ತಂಬುಳಿ, ಅದೇ ಊಟದ ಆರಂಭ. ಖಾರವೆಂಬುದು ನೆಂಟರ ಹಾಗೆ, ಯಾವಾಗಲೋ ಬಂದು ಹೋಗುತ್ತದೆ. ಜೋಳದ ರೊಟ್ಟಿಯ ನೆನಪಿನಲ್ಲಿ ಒಂದು ದಿನ ಕಣ್ಣೀರೇ ಬಂತು. ಸಾವಿತ್ರಕ್ಕ ಅದನ್ನು ಕಂಡಿರಬೇಕು, ಯಲ್ಲಾಪುರದಿಂದ ಹಿಟ್ಟು ತರಿಸಿ ರೊಟ್ಟಿ ತಟ್ಟಲು ಕೂತರು. ಅದು ಕೈಯಲ್ಲೇ ಮುರಿಯಿತು. ನಾವಿಬ್ಬರೂ ಆ ಚೂರುಗಳನ್ನೇ ಹಂಚಿಕೊಂಡು ತಿಂದೆವು. ನಮ್ಮಲ್ಲಿ ಬಾಡಿಗೆಯವರಿಗೆ "ಬರ್ರಿ, ಕುಂದರ್ರಿ" ಎನ್ನುತ್ತಾರೆ, ಆದರೆ ಒಲೆಯ ಮುಂದೆ ಕೂರಿಸುವುದಿಲ್ಲ. ಇಲ್ಲಿ ಮೊದಲ ದಿನದಿಂದಲೇ ನಾನು ತಂಗಿ. ಬಸ್ಸಿನಲ್ಲಿ ಯಾರೋ ಕಾಲು ತುಳಿದಾಗ ನನಗೆ ಅರಿವಿಲ್ಲದೆ ಇಲ್ಲಿಯವರಂತೆ "ಅಡ್ಡಿಲ್ಲೆ" ಎಂದುಬಿಟ್ಟೆ, ತುಳಿದವರು ನಾನು ಯಾವ ಮನೆಯವಳೆಂದು ವಿಚಾರಿಸಿದರು. ಆ ದಿನವೆಲ್ಲ ಉಬ್ಬಿಹೋಗಿದ್ದೆ.

ಯಲ್ಲಾಪುರದಲ್ಲಿ ಎರಡು ಕೋಣೆಯ ನಮ್ಮ ಪ್ರಯೋಗಾಲಯ. ಮೊದಲ ಬಸ್ಸಿಗೇ ಹೊರಡಬೇಕು. ನೀರನ್ನು ಸ್ವತಃ ಹಿಡಿದು ತರಬೇಕೆಂಬುದು ಈ ಕೆಲಸದ ಮೊದಲ ಪಾಠ. ಆದರೆ ಇಲ್ಲಿನ ಚಳಿಗಾಲದ ಮುಂಜಾವು ಬಯಲುಸೀಮೆಯ ಮೈಗೆ ಹೇಳಿದ್ದಲ್ಲ. ತಾನು ತುಂಬಿಸಿಡುತ್ತೇನೆಂದು ಸಾವಿತ್ರಕ್ಕ ಅಂದದ್ದೇ ತಡ, ನೀರೊಯ್ಯುವ ಪ್ಲಾಸ್ಟಿಕ್ ಕ್ಯಾನನ್ನು ಅವರ ಕೈಗಿತ್ತು ಹೊದ್ದು ಮಲಗಿದೆ. ಬೆಳಿಗ್ಗೆ ಎದ್ದಾಗ ಕ್ಯಾನು ತುಂಬಿ ಬಾಗಿಲ ಬಳಿ ಇರುತ್ತಿತ್ತು.

ನೀರುಚಿಗಟವೆಂಬ ಸಾಸಿವೆಗಿಂತ ಸಣ್ಣ ಜೀವಿ ನನ್ನ ಪರೀಕ್ಷೆಯ ಸಾಕ್ಷಿ. ಅಬ್ಬಿ ನೀರು ತುಂಬಿದ ಗಾಜಿನ ಲೋಟಗಳಲ್ಲಿ ಕೆಲವಕ್ಕೆ ಅಳತೆ ಮಾಡಿ ವಿಷ ಹಾಕುತ್ತೇವೆ, ಒಂದಕ್ಕೆ ಏನೂ ಹಾಕುವುದಿಲ್ಲ. ಏನೂ ಹಾಕದ ಲೋಟದಲ್ಲಿ ಅವು ಬದುಕಿರಬೇಕು. ನನ್ನವು ಅಲ್ಲಿಯೇ ತಳ ಸೇರಿ ಸತ್ತವು. ಮತ್ತೆ ಮಾಡಿದೆ, ಮತ್ತೆ ಸತ್ತವು. ಆ ನೀರನ್ನು ಶಿರಸಿಗೆ ಕಳಿಸಿ ಅಳೆಸಿದರೆ, ತಾಮ್ರವಿದೆ ಎಂದು ಬಂತು.

ಅಂದು ಸಂಜೆ ಜಗುಲಿಯ ಮೇಲೆ ಸಾವಿತ್ರಕ್ಕನ ಗಂಡ ಗಣಪತಣ್ಣ ಇದ್ದರು. ಮಜ್ಜಿಗೆಗೆಂದು ಬಂದ ಕೆಳಗಿನ ಮನೆಯ ಗೌರಿಯೂ ಇದ್ದಳು. ಅವಳ ಮನೆಗೂ ಇದೇ ಅಬ್ಬಿಯಿಂದ ಪೈಪು ಹೋಗಿತ್ತು. ಅವಳ ಗಂಡ ಮತ್ತು ಗಣಪತಣ್ಣ ಇಬ್ಬರೂ ಹೆಗಲ ಮೇಲೆ ಹೊತ್ತು ಎಳೆದ ಪೈಪು ಅದು. ಇನ್ನೊಮ್ಮೆ ಪರೀಕ್ಷಿಸೋಣ ಎನ್ನುವ ತಾಳ್ಮೆ ನನಗಿರಲಿಲ್ಲ. ಓದಿದವಳ ಗತ್ತಿನಲ್ಲಿ, "ನಿಮ್ಮ ಅಬ್ಬಿ ನೀರಾಗ ವಿಷ ಐತ್ರಿ. ಮ್ಯಾಲೆ ಯಾರೋ ಮೈಲುತುತ್ತದ ಡ್ರಮ್ ತೊಳದಾರ" ಎಂದುಬಿಟ್ಟೆ.

ಆ ಗುಡ್ಡದ ದಾರಿಯಲ್ಲಿ ತೋಟವಿದ್ದದ್ದು ಗಣಪತಣ್ಣನದು ಮಾತ್ರ. ನನ್ನ ಮಾತು ಅವರಿಗೇ ತಾಗಿತು. ಮರುದಿನ ಅವರು ಕತ್ತಿ ಹಿಡಿದು ಮೇಲೆ ಹತ್ತಿ, ಒರತೆಯ ಸುತ್ತ ಸವರಿ, ಹೂಳು ತೆಗೆದು ಬಂದರು. ಗೌರಿ ಅಷ್ಟರಲ್ಲಿ ಪೈಪಿನ ತುದಿಯನ್ನು ಗದ್ದೆಗೆ ತಿರುಗಿಸಿ, ಗದ್ದೆಯಂಚಿನ ಬಾವಿಯಿಂದ ಕೊಡ ಹೊರಲು ಶುರುಮಾಡಿದ್ದಳು. ಮಜ್ಜಿಗೆಗೂ ಬರುವುದು ನಿಂತಿತು.

ಇದಾದ ಕೆಲವು ದಿನಗಳಿಗೆ ಸಾವಿತ್ರಕ್ಕ ಉಮ್ಮಚಗಿಯ ತವರಿಗೆ ಹೋದರು. ಚಳಿಯಲ್ಲಿ ನಡುಗುತ್ತ ನಾನೇ ಪೈಪಿಗೆ ಕ್ಯಾನು ಹಿಡಿದೆ. ಆ ನೀರಿನಲ್ಲಿ ನೀರುಚಿಗಟಗಳು ಒಂದೂ ಸಾಯಲಿಲ್ಲ. ಲೋಟದ ತುಂಬ ಕುಣಿಯುತ್ತಿದ್ದವು. ಹಾಗಾದರೆ ತಾಮ್ರ ಅಬ್ಬಿಯದಲ್ಲ, ಕ್ಯಾನು ತುಂಬುವಾಗ ಎಲ್ಲೋ ಸೇರಿದ್ದು.

ಸಾವಿತ್ರಕ್ಕ ಮರಳಿ ಬಂದ ಮೇಲೆ, ಕ್ಯಾನು ಹೇಗೆ ತುಂಬಿಸುತ್ತಿದ್ದಿರಿ ಎಂದು ಕೇಳಿದೆ. ಅವರು ಅಡುಗೆಮನೆಯ ಮೂಲೆಯ ತಾಮ್ರದ ಕೊಡ ತೋರಿಸಿದರು. ಮದುವೆಯಲ್ಲಿ ತವರಿನಿಂದ ಬಂದದ್ದು, ನೆಂಟರು ಬಂದಾಗ ಮಾತ್ರ ಬಳಸುವ ಕೊಡ. "ನಿಂಗೆ ಓದಲೆ ಬೇಕಾದ ನೀರು ಅಂತ ಹೇಳಿ, ದಿನಾ ಸಂಜೆ ಹುಣಸೆಹಣ್ಣು ಹಾಕಿ ತಿಕ್ಕಿ, ಅದ್ರಲ್ಲೇ ಹಿಡಿದಿಡ್ತಿದ್ದೆ. ಬೆಳಿಗ್ಗೆ ಕ್ಯಾನಿಗೆ ಸುರಗ್ತಿದ್ದೆ. ರಾತ್ರಿಡೀ ಪ್ಲಾಸ್ಟಿಕ್ಕಲ್ಲಿ ಇಡದು ಚೊಲೋ ಅಲ್ಲ ಅಲ್ದಾ?"

ಹುಳಿ ಹಾಕಿ ಉಜ್ಜಿದ ಕೊಡದಿಂದ ಒಂದಿಷ್ಟು ತಾಮ್ರ ನೀರಿಗಿಳಿಯುತ್ತದೆ. ಮನುಷ್ಯರಿಗೆ ಅದು ಲೆಕ್ಕಕ್ಕೇ ಇಲ್ಲ, ನೀರುಚಿಗಟಕ್ಕೆ ಅಷ್ಟೇ ಸಾಕು. ನಮ್ಮ ರೋಣದ ಗಡಸು ನೀರಾಗಿದ್ದರೆ ಅದರ ಸುಣ್ಣವೇ ತಾಮ್ರವನ್ನು ಅಷ್ಟಿಷ್ಟು ತಡೆಯುತ್ತಿತ್ತು. ಇಲ್ಲಿನ ನೀರು ಮೆದು, ಬಿದ್ದದ್ದೆಲ್ಲ ನೇರವಾಗಿ ತಾಗುತ್ತದೆ. ಇದೆಲ್ಲ ನನಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು, ನನ್ನ ಮೇಲಿನ ಮರ್ಯಾದೆಗೆ ಅವರು ಮನೆಯ ಅತಿ ಒಳ್ಳೆಯ ಪಾತ್ರೆ ತೆಗೆಯುತ್ತಾರೆ ಎಂಬುದು. ಆ ಮರ್ಯಾದೆಯನ್ನೇ ನಾನು ವಿಷವೆಂದು ಊರಿಗೆ ಸಾರಿದ್ದೆ. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ.

ಗಣಪತಣ್ಣನ ಎದುರು ತಪ್ಪೊಪ್ಪಿಕೊಂಡೆ. ಅವರು "ಅಡ್ಡಿಲ್ಲೆ" ಎಂದು ಎದ್ದುಹೋದರು. ನಾನು ಬಸ್ಸಿನಲ್ಲಿ ಹೆಮ್ಮೆಯಿಂದ ಆಡಿದ ಮಾತು ಅವರ ಬಾಯಲ್ಲಿ ಬೇರೆಯೇ ಕೇಳಿಸಿತು. ಗೌರಿಯ ಮನೆಗೆ ಹೋಗಿ, ನೀರು ಶುದ್ಧವಾಗಿದೆ, ತಪ್ಪು ನನ್ನದೇ ಎಂದು ಬಿಡಿಸಿ ಹೇಳಿದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

"ಆವತ್ತು ವಿಷ ಐತಿ ಅಂದವ್ರೂ ನೀವೇ ಅಲ್ರಾ? ಮಕ್ಳಿರೋ ಮನೆ. ನಮ್ಗೆ ಬಾವಿ ನೀರೇ ಸಾಕು."

ರಜೆಗೆ ರೋಣಕ್ಕೆ ಹೋದೆ. ಅವ್ವ ಓಣಿಗೆಲ್ಲ "ನಮ್ಮಾಕಿ ನೀರಾಗಿನ ವಿಷ ಹಿಡಿತಾಳ" ಎಂದು ಹೇಳಿ ಇಟ್ಟಿದ್ದಳು. ಓಣಿಯವರು ಬಾಟಲಿಯಲ್ಲಿ ಬೋರ್‌ವೆಲ್ ನೀರು ತಂದು, ಕುಡಿಯಬಹುದೇ ಎಂದು ನನ್ನ ಬಾಯಿ ನೋಡುತ್ತ ನಿಂತರು. ಪರೀಕ್ಷಿಸದೆ ಹೇಳಲಾರೆನೆಂದು ಬಾಟಲಿಗಳನ್ನು ತಿರುಗಿ ಕೊಟ್ಟೆ. ಓದಿ ಸೊಕ್ಕು ಬಂದಿದೆ ಎಂದು ಆಡಿಕೊಂಡರಂತೆ. ಅಲ್ಲಿ ಕುಡಿಯಲು ಅಂಗಡಿಯಿಂದ ತರಿಸುವ ಕ್ಯಾನಿನ ನೀರು ನನಗೆ ರುಚಿಸಲಿಲ್ಲ. ಮನೆಯಲ್ಲಿ ನೀರು ಸುರಿಯುವ ಸದ್ದೇ ಇಲ್ಲವೆಂದು ನಿದ್ದೆಯೂ ಸರಿಯಾಗಿ ಬರಲಿಲ್ಲ.

ಮರಳಿ ಬಂದ ದಿನ ಸಾವಿತ್ರಕ್ಕ ಎಂದಿನಂತೆ ಬೆಲ್ಲ, ನೀರು ತಂದರು. ನೀರು ಸ್ಟೀಲಿನ ಚೊಂಬಿನಲ್ಲಿತ್ತು. ಕೊಡ ಎಲ್ಲಿ ಎಂದು ಕೇಳಿದೆ.

"ಅಟ್ಟಕ್ಕೆ ಹಾಕಿದ್ದೆ. ಅದ್ರ ನೀರು ಕೊಟ್ರೆ ನಿಂಗೆ ಹೆದರಿಕೆ ಆಗ್ತೇನ ಅಂತ ಹೇಳಿ" ಎಂದರು. ಅವರ ಮಾತಿನಲ್ಲಿ ಕುಹಕವಿರಲಿಲ್ಲ.

ನಾನೇ ಅಟ್ಟ ಹತ್ತಿ ಕೊಡ ಇಳಿಸಿದೆ. ಅಬ್ಬಿಯ ಬುಡದಲ್ಲಿ ಕೂತು ಹುಣಸೆಹಣ್ಣು ಹಾಕಿ, ಅವರು ತಿಕ್ಕುತ್ತಿದ್ದ ಹಾಗೆಯೇ ತಿಕ್ಕಿದೆ. ನೀರು ತುಂಬಿಸಿ ಅದರ ಮೂಲೆಯಲ್ಲಿಟ್ಟೆ. ಬೆಳಿಗ್ಗೆ ಅದೇ ನೀರನ್ನು ಚೊಂಬಿಗೆ ಬಗ್ಗಿಸಿಕೊಂಡು, ದಾರಿಗೆ ಕಾಣುವಂತೆ ಅಂಗಳದಲ್ಲಿ ನಿಂತು ಕುಡಿದೆ. ಗೌರಿ ಬಾವಿಯಿಂದ ಬರುತ್ತಿದ್ದಳು, ಸೊಂಟದಲ್ಲೊಂದು, ತಲೆಯ ಮೇಲೊಂದು ಕೊಡ. ನಾನು ಕುಡಿಯುವುದನ್ನು ನಿಂತು ನೋಡಿದಳು. ಆಮೇಲೆ ತಲೆಯ ಮೇಲಿನ ಕೊಡವನ್ನು ಸರಿಮಾಡಿಕೊಂಡು ತನ್ನ ಮನೆಯ ಕಡೆ ಇಳಿದು ಹೋದಳು.